ಗೆರೆಯಲ್ಲಿದ್ದ ಮುಳ್ಳು

ಘಾಟಿಯ ಬುಡದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಹೆಂಗಸಿಗೆ ಊರಿನವರ ಬಾಯಲ್ಲಿರುವ ಹೆಸರು ಛೀ ಅಕ್ಕ. ಎದುರಿಗೆ ಬರೀ ಅಕ್ಕ, ಬೆನ್ನು ತಿರುಗಿಸಿದ ಮೇಲೆ ಮುಂದಿನ ಆ ಛೀ ಸೇರಿಕೊಳ್ಳುತ್ತದೆ. ಅದು ಅವಳಿಗೂ ಗೊತ್ತು. ಬೇಸರವೇನೂ ಇಲ್ಲ. ದಿನದಲ್ಲಿ ಅವಳ ಬಾಯಿಂದ ಅತಿ ಹೆಚ್ಚು ಸಲ ಹೊರಡುವ ಶಬ್ದ ಅದೇ.

ಬಚ್ಚಲಿನ ಜಾಲರಿಗೆ ಸುತ್ತಿಕೊಂಡ ಕೂದಲು, ಲೋಟದ ಅಂಚಿನಲ್ಲಿ ಉಳಿದ ತುಟಿಯ ಗುರುತು, ಬಸ್ಸಿನ ಕಂಬಿಯ ಜಿಗುಟು, ಇವು ಯಾವುದನ್ನೂ ಅವಳು ಸಹಿಸಳು. ಒಂದು ಕಾಲದಲ್ಲಿ ಅವಳಿಗೆ ಮದುವೆ ಮಾತು ಮುಗಿದಿತ್ತು. ಹುಡುಗ ಅವಳೆದುರೇ ಬೆರಳನ್ನು ನಾಲಿಗೆಗೆ ಒತ್ತಿ ಪೇಪರಿನ ಹಾಳೆ ತಿರುಗಿಸಿದ. ಮದುವೆ ಅಲ್ಲಿಗೇ ನಿಂತಿತು. "ಆ ಬೆರಳಲ್ಲೇ ತಾನೇ ನನ್ನ ಕೈ ಹಿಡಿಯೋದು" ಎಂದು ತಂಗಿಯ ಹತ್ತಿರ ಅಂದಿದ್ದಳು. ತಂಗಿ ಇವತ್ತಿಗೂ ಆ ಮಾತನ್ನು ನೆಂಟರ ಮುಂದೆ ಆಡಿ ತೋರಿಸುತ್ತಾಳೆ.

ಇಂಥವಳ ಪಾಲಿಗೆ ಬಂದ ಕಸುಬು ಮಾತ್ರ ಬೇರೆಯವರ ಕೊಳೆ ತೊಳೆಯುವುದು. ಅಂಗಡಿ ಅಪ್ಪನದು. ಅಪ್ಪನ ಕಾಲದಲ್ಲಿ ಅಲ್ಲಿಗೆ ಬರುತ್ತಿದ್ದವರು ಹಾಲಿನವರು, ಅಂಚೆಯವರು, ಶಾಲೆ ಮಕ್ಕಳು. ಈಗ ಬರುವವರು ಗ್ರ್ಯಾವೆಲ್ ಸೈಕಲ್ಲಿನವರು. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್, ಡಾಂಬರು ರಸ್ತೆಯ ಸೈಕಲ್ಲಿಗಿಂತ ದಪ್ಪನೆಯ, ಹಲ್ಲು ಹಲ್ಲಾದ ಟೈರು. ಜಲ್ಲಿ ಹಾದಿ, ಮಣ್ಣು ಹಾದಿ, ಹಳೆಯ ಬಂಡಿ ಜಾಡು, ಎಲ್ಲದರಲ್ಲೂ ಅದು ಓಡುತ್ತದೆ. ವಾರದ ಕೊನೆಗೆ ಪಟ್ಟಣದಿಂದ ಹಿಂಡು ಹಿಂಡಾಗಿ ಬರುತ್ತಾರೆ, ಘಾಟಿ ಹತ್ತಿ ಆಚೆ ಕಣಿವೆಗೆ ಇಳಿದು, ಇನ್ನೊಂದು ಘಾಟಿಯಿಂದ ಮರಳುತ್ತಾರೆ. ಮರಳಿದ ಮೇಲೆ ಸೈಕಲ್ಲನ್ನು ಅಕ್ಕನ ಅಂಗಡಿಯ ಗೋಡೆಗೆ ಒರಗಿಸಿ, "ಸ್ವಲ್ಪ ತೊಳೆದಿಡಿ ಅಕ್ಕಾ" ಎಂದು ಕಾಫಿಗೆ ಹೋಗುತ್ತಾರೆ.

ಸ್ವಲ್ಪ! ಹ್ಯಾಂಡಲ್ಲಿಗೆ ಸುತ್ತಿದ ಪಟ್ಟಿ ಬೆವರು ಕುಡಿದು ಕುಡಿದು ಉಪ್ಪುಗಟ್ಟಿರುತ್ತದೆ. ಸೀಟಿನ ಕೆಳಗಿನ ಚೀಲದಲ್ಲಿ ಕಳೆದ ತಿಂಗಳ ಬಾಳೆಹಣ್ಣು ಕಪ್ಪು ಅಂಟಾಗಿ ಕುಳಿತಿರುತ್ತದೆ. ನೀರಿನ ಬಾಟಲಿಯ ಮೂತಿ ಬಿಚ್ಚಿದರೆ ಒಳಗೆ ಕರಿ ಬೂಷ್ಟು. ಇದೇ ಮೂತಿಯನ್ನು ಬಾಯಿಗಿಟ್ಟು ಹೀರಿ, ಆಮೇಲೆ ಬೆಟ್ಟದ ಗಾಳಿ ಎಷ್ಟು ಶುದ್ಧ ಅಂತ ಫೋಟೋ ಹಾಕುತ್ತಾರಲ್ಲ ಎಂದು ಅಕ್ಕ ಗೊಣಗುತ್ತಾಳೆ. ಚೈನಿಗೆ ಒಂದು ಬೋಗುಣಿ, ಚಕ್ರಕ್ಕೆ ಒಂದು, ಬಾಟಲಿಗೆ ಒಂದು. ಒಂದರ ಬ್ರಷ್ ಇನ್ನೊಂದಕ್ಕೆ ತಾಗಬಾರದು. ಕೈಗೆ ಮೊಣಕೈವರೆಗಿನ ರಬ್ಬರ್ ಗವಸು. ಕೆಲಸ ಮಾತ್ರ ಅಪ್ಪಟ. ಅವಳು ತೊಳೆದ ಚೈನನ್ನು ಬಿಳಿ ಬಟ್ಟೆಯಲ್ಲಿ ಎಳೆದರೂ ಕಲೆ ಹತ್ತುವುದಿಲ್ಲ.

ಘಾಟಿಯ ಆಚೆ, ಕಣಿವೆಯಲ್ಲಿ, ಅವಳ ತಂಗಿಯ ಮನೆ. ತಂಗಿ ಮತ್ತು ಅವಳ ಗಂಡ ಹಸು ಸಾಕಿ ಬೆಣ್ಣೆ ಮಾಡುತ್ತಾರೆ. ಮನೆಯ ಹಿಂದೆ ಬಿಳಿ ಹಂಚು ಹಾಕಿದ ಒಂದು ಬೆಣ್ಣೆ ಕೋಣೆ ಇದೆ. ಕಡೆದ ಬೆಣ್ಣೆಯನ್ನು ತಣ್ಣನೆಯ ನೀರಿನಲ್ಲಿ ಮೇಲಿಂದ ಮೇಲೆ ತೊಳೆಯಬೇಕು. ಒಳಗೆ ಉಳಿದ ಮಜ್ಜಿಗೆ ಪೂರ್ತಿ ಹೋದರೆ ಮಾತ್ರ ಬೆಣ್ಣೆ ಕೆಡದೆ ನಿಲ್ಲುತ್ತದೆ. ಹಾಗಾಗಿ ಬೆಣ್ಣೆ ಎಷ್ಟು ಶುದ್ಧ ಎಂಬುದು ನೀರು ಎಷ್ಟು ಶುದ್ಧ ಎಂಬುದರ ಮೇಲಿದೆ. ತಂಗಿಯ ನೀರು ಬರುವುದು ಘಾಟಿಯ ಮೇಲಿನ ಒಂದು ಒರತೆಯಿಂದ. ಬಂಡೆಯ ಬುಡದಲ್ಲಿ ನೀರು ಜಿನುಗುವ ಕಡೆ ಮುಚ್ಚಳವಿರುವ ಸಿಮೆಂಟಿನ ತೊಟ್ಟಿ ಕಟ್ಟಿದ್ದಾರೆ, ಅಲ್ಲಿಂದ ಕೊಳವೆಯಲ್ಲಿ ಕೆಳಕ್ಕೆ ಇಳಿಯುತ್ತದೆ.

ಆ ವರ್ಷ ಆ ನೀರು ಪರೀಕ್ಷೆಯಲ್ಲಿ ಎರಡು ಸಲ ಫೇಲಾಯಿತು. ಮನುಷ್ಯರ ಕರುಳಿನ ಸೂಕ್ಷ್ಮಜೀವಿ ಇದೆ ಎಂದು ವರದಿ. ಮೂರನೆಯ ಸಲವೂ ಹಾಗೇ ಬಂದರೆ ಬೆಣ್ಣೆ ಕೋಣೆಗೆ ಬೀಗ ಎಂದು ಪರೀಕ್ಷೆಯವರು ಹೇಳಿ ಹೋದರು. ತಂಗಿ ನೀರು ಕುದಿಸಿ, ಆರಿಸಿ, ಅದರಲ್ಲಿ ಬೆಣ್ಣೆ ತೊಳೆಯತೊಡಗಿದಳು. ಎಷ್ಟು ಆರಿಸಿದರೂ ಒರತೆಯ ತಂಪು ಅದಕ್ಕೆಲ್ಲಿ? ಬೆಣ್ಣೆ ಮೆತ್ತಗಾಗಿ ಬೆರಳ ಸಂದಿಯಿಂದ ಇಳಿಯುತ್ತಿತ್ತು.

ಒಂದು ಬೆಳಿಗ್ಗೆ ತಂಗಿ ಹಾಲಿನ ವ್ಯಾನಿನಲ್ಲಿ ಘಾಟಿ ಇಳಿದು ನೇರವಾಗಿ ಅಂಗಡಿಗೆ ಬಂದಳು. ಅಕ್ಕ ಒಂದು ಚಕ್ರದ ಕಡ್ಡಿಗಳ ನಡುವೆ ಬ್ರಷ್ ಆಡಿಸುತ್ತಿದ್ದಳು.

"ನಿನ್ನ ಗಿರಾಕಿಗಳು ನನ್ನ ಕುಡಿಯೋ ನೀರಿನ ತಲೆ ಮೇಲೆ ಕೂತ್ಕೊಂಡು ಹೇಲ್ತಾ ಇದಾರೆ" ಎಂದಳು ತಂಗಿ. ಮುನ್ನುಡಿ ಇಲ್ಲ, ಕ್ಷೇಮ ಸಮಾಚಾರವಿಲ್ಲ.

"ಛೀ! ಬೆಳಬೆಳಿಗ್ಗೆ ಏನೇ ನಿನ್ನ ಬಾಯಿ!"

"ನನ್ನ ಬಾಯಿಗೆ ಛೀ ಅಂತೀಯಾ? ಅವರ ಕೆಲಸಕ್ಕೇನಂತೀಯಾ? ಬಂಡೆ ಹಿಂದೆ ಕಾಲಿಡೋಕಾಗಲ್ಲ. ನಿನ್ನ ಭಾವ ಎರಡು ಸಲ ಗುದ್ದಲಿ ತಗೊಂಡು ಹೋಗಿ ತೆಗೆದು ಬಂದ್ರು. ವಾರ ಕಳೆಯೋದ್ರೊಳಗೆ ಮತ್ತೆ ಅದೇ."

ತನ್ನ ಗಂಡನನ್ನು ಅಕ್ಕನ ಮುಂದೆ 'ನಿನ್ನ ಭಾವ' ಅನ್ನುವುದು ತಂಗಿಯ ಹಳೆಯ ಕೀಟಲೆ. ಅಕ್ಕನಿಗೆ ವಯಸ್ಸಾಗಿಲ್ಲ ಎಂದು ತೋರಿಸುವುದಕ್ಕಂತೆ. ಅವತ್ತು ಅದರಲ್ಲಿ ನಗೆ ಇರಲಿಲ್ಲ.

"ಬಂಡಿ ಜಾಡಿಗೂ ಒರತೆಗೂ ಎಲ್ಲಿಂದೆಲ್ಲಿಗೆ? ಮೇಲೆ ಹತ್ತಿ ಹೋಗಬೇಕು. ಯಾಕೆ ಹೋಗ್ತಾರೆ ಅಲ್ಲಿಗೆ?"

"ಅದನ್ನ ಕೇಳೋಕೇ ಬಂದಿದ್ದು. ಇಡೀ ಬೆಟ್ಟ ಬಿದ್ದಿದೆ, ನನ್ನ ಒರತೇನೇ ಬೇಕಾ? ಕುಡಿಯುವ ನೀರು ಅಂತ ಬೋರ್ಡ್ ನೆಟ್ವಿ. ಅದರ ಮೇಲೆ ಒದ್ದೆ ಸಾಕ್ಸ್ ಒಣಗಾಕಿದ್ರು."

ಅಕ್ಕ ಆ ಜಾಡಿನಲ್ಲಿ ಹೋಗಿ ಮೂರು ವರ್ಷವಾಗಿತ್ತು. ತಂಗಿಯ ಮನೆಗೆ ಹೋಗುವುದಿದ್ದರೆ ಡಾಂಬರು ರಸ್ತೆಯಲ್ಲಿ ವ್ಯಾನು ಹತ್ತುತ್ತಿದ್ದಳು. ಆದರೆ ಆ ಜಾಡಿನ ದಾರಿ ಪಟ್ಟಣದವರಿಗೆ ಸಿಕ್ಕಿದ್ದು ಅವಳಿಂದಲೇ. ಸೈಕಲ್ ಸಂಘದ ಅಧ್ಯಕ್ಷರು ಒಬ್ಬ ಹಲ್ಲಿನ ಡಾಕ್ಟರು. ಹೋದ ದಾರಿಯನ್ನು ನಕ್ಷೆಯ ಮೇಲೆ ಬರೆದುಕೊಳ್ಳುವ, ಬೆಂಕಿಪೊಟ್ಟಣದಷ್ಟಿರುವ ಒಂದು ಯಂತ್ರವನ್ನು ಅವಳ ಹ್ಯಾಂಡಲ್ಲಿಗೆ ಕಟ್ಟಿ, "ನಿಮ್ಮ ಹಳೆ ಬಂಡಿ ಜಾಡಲ್ಲಿ ಒಂದ್ಸಲ ಹೋಗಿ ಬನ್ನಮ್ಮಾ, ಗೆರೆ ತಾನೇ ಮೂಡುತ್ತೆ" ಎಂದಿದ್ದರು. ಅವಳು ಹೋಗಿ ಬಂದಳು. ಗೆರೆ ಮೂಡಿತು. ಎರಡು ಘಾಟಿ, ಒಂದು ಕಣಿವೆಯ ಆ ಗೆರೆಯನ್ನು ಡಾಕ್ಟರು ಇಂಟರ್ನೆಟ್ಟಿನಲ್ಲಿರುವ ಸಂಘದ ಪುಟದಲ್ಲಿ ಹಾಕಿದ್ದೇ ತಡ, ಎಲ್ಲೆಲ್ಲಿಯವರೋ ತಮ್ಮ ಯಂತ್ರಗಳಿಗೆ ಇಳಿಸಿಕೊಂಡರು. ಅಂಗಡಿಯ ಮುಂದೆ ಸೈಕಲ್ಲುಗಳ ಸಾಲು ಹುಟ್ಟಿದ್ದು ಆಮೇಲೆ.

ಮರುದಿನ ಅಂಗಡಿ ಮುಚ್ಚಿ, ಗವಸು, ಗುದ್ದಲಿ, ದಪ್ಪ ಚೀಲಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಅಕ್ಕ ಜಾಡು ಹತ್ತಿದಳು.

ಜಾಡಿನ ಒಂದು ತಿರುವಿನಲ್ಲಿ ಮಳೆನೀರು ಕೊರೆದ ಕೊರಕಲು ಇದೆ, ಅದರಲ್ಲಿ ಮುಷ್ಟಿ ಗಾತ್ರದ ಕಲ್ಲುಗಳು. ಅಲ್ಲಿ ಎಂಥ ಸೈಕಲ್ಲೂ ಕುಕ್ಕುತ್ತದೆ. ಅದನ್ನು ದಾಟಿದ ಕೂಡಲೇ ಎಡಕ್ಕೆ ಒಂದು ಹೊಸ ದಾರಿ ಒಡೆದಿತ್ತು. ಹುಲ್ಲು ಸವೆದು, ಮಣ್ಣು ಗಟ್ಟಿಯಾಗಿ, ಟೈರಿನ ಹಲ್ಲಿನಚ್ಚು ಸ್ಪಷ್ಟವಾಗಿ ಬಿದ್ದ ದಾರಿ. ಅಪ್ಪನ ಕಾಲದಲ್ಲಿ ಅದು ಇರಲಿಲ್ಲ. ಅವಳು ಅದನ್ನು ಹಿಡಿದು ಮೇಲೆ ಹೋದಳು. ದಾರಿ ದೊಡ್ಡ ಬಂಡೆಯ ಪಕ್ಕದಲ್ಲಿ, ತೊಟ್ಟಿಯ ಎದುರು, ಥಟ್ಟನೆ ಮುಗಿಯಿತು. ಅಲ್ಲಿಂದ ಮುಂದಕ್ಕೆ ಎಲ್ಲೂ ಹೋಗುವುದಿಲ್ಲ.

ಬಂಡೆಯ ಹಿಂದೆ ಹೋಗುವ ಮೊದಲೇ ವಾಸನೆ ಬಂದಿತು. ಹಿಂದೆ ನೋಡಿದರೆ, ಒರೆಸಿ ಎಸೆದ ಕಾಗದದ ತುಂಡುಗಳು ಮುಳ್ಳುಗಿಡಗಳಿಗೆ ಸಿಕ್ಕಿ ಬಾವುಟದ ಹಾಗೆ ಆಡುತ್ತಿವೆ. ಕೆಲವರು ತಮ್ಮದರ ಮೇಲೆ ಕಲ್ಲಿಟ್ಟು ಮುಚ್ಚುವ ದೊಡ್ಡತನ ತೋರಿಸಿದ್ದರು. ಕಲ್ಲಿನ ಅಡಿಯಿಂದ ನೊಣಗಳು ಬರುತ್ತಿದ್ದವು. ಶಕ್ತಿ ಬರಲೆಂದು ಹೀರುವ ಸಿಹಿ ಅಂಟಿನ ಪೊಟ್ಟಣಗಳು ಹರಿದು ಬಿದ್ದಿದ್ದವು, ಅವಕ್ಕೆ ಇರುವೆಯ ಸಾಲು. ಅದೇ ಇರುವೆ, ಅದೇ ನೊಣ, ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ನೆಲವೆಲ್ಲ ಸಡಿಲ ಜಲ್ಲಿ. ಜೇಡಿಮಣ್ಣಾಗಿದ್ದರೆ ಹೊಲಸು ಕೆಳಗಿಳಿಯಲು ಬಹಳ ಕಾಲ ಬೇಕು, ಇಳಿಯುವುದರೊಳಗೆ ಅದರಲ್ಲಿನ ಜೀವಿಗಳು ಸಾಯುತ್ತವೆ. ಜಲ್ಲಿಯಲ್ಲಿ ಒಂದು ಮಳೆ ಸಾಕು. ತೊಟ್ಟಿ ಇದ್ದುದು ಸರಿಯಾಗಿ ಅದರ ಕೆಳಗೆ.

ಅಕ್ಕ ದೂರ ಹೋಗಿ ವಾಂತಿ ಮಾಡಿದಳು. ಬಾಯಿ ಮುಕ್ಕಳಿಸಲು ಬಾಟಲಿಯ ನೀರು ಬಳಸಿದಳು. ಒರತೆಯ ಕಡೆ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಕೆಳಗೆ ಜಲ್ಲಿ ಕರಕರ ಎಂದಿತು. ನೀಲಿ ಹೆಲ್ಮೆಟ್ಟಿನ ಒಬ್ಬ ಯುವಕ ಏದುಸಿರು ಬಿಡುತ್ತ ಎಡಕ್ಕೆ ತಿರುಗಿ, ತೊಟ್ಟಿಯವರೆಗೆ ತುಳಿದು ಬಂದು, ಸೈಕಲ್ಲನ್ನು ಬೋರ್ಡಿಗೆ ಒರಗಿಸಿದ.

"ಯಾಕಪ್ಪಾ ಇಲ್ಲಿಗೆ ಬಂದೆ?"

"ನಮಸ್ತೆ ಆಂಟಿ. ದಾರಿ ಇದೇ ಅಲ್ವಾ?"

"ಆಂಟಿ ಅಲ್ಲ, ಅಕ್ಕ. ಇಲ್ಲಿಂದ ಮುಂದೆ ಎಲ್ಲಿಗೆ ದಾರಿ? ನಿನ್ನ ಕಣ್ಣಿಗೆ ಕಾಣ್ತಾ ಇದೆಯಾ?"

ಯುವಕ ಸುತ್ತ ನೋಡಿದ. "ಇಲ್ಲ... ಆದ್ರೆ ಗೆರೆ ಇಲ್ಲಿಗೆ ಬರುತ್ತೆ. ಬಂದು ವಾಪಸ್ ಹೋಗುತ್ತೆ."

"ಗೆರೆ ಬಾವಿಗೆ ಹೋದ್ರೆ ಬಾವಿಗೆ ಹಾರ್ತೀಯಾ?"

"ಹಾಗಲ್ಲ ಅಕ್ಕಾ. ಇಷ್ಟು ಬಿಟ್ರೆ ಯಂತ್ರ ಕೂಗಿಕೊಳ್ಳುತ್ತೆ. ಕೊನೇಲಿ ದಾರಿ ಅಪೂರ್ಣ ಅಂತ ತೋರ್ಸುತ್ತೆ, ಪೂರ್ತಿ ಮಾಡಿದ್ದಕ್ಕೆ ಬೀಳೋ ಹಸಿರು ಗುರುತು ಬೀಳಲ್ಲ. ಇಷ್ಟು ದೂರ ಬಂದು ಅದು ಬೀಳ್ಲಿಲ್ಲ ಅಂದ್ರೆ?" ಅವನು ಬಂಡೆಯ ಕಡೆ ಕಣ್ಣು ಹಾಯಿಸಿದ. "ಮತ್ತೆ, ಎಲ್ರೂ ಇಲ್ಲೇ ನಿಲ್ತಾರಲ್ಲ. ಮರೆ ಇದೆ. ಇದು ವಿಶ್ರಾಂತಿ ಜಾಗ ಅಂದ್ಕೊಂಡಿದ್ದೆ."

"ಆ ಗೆರೆ ಇಲ್ಲಿ ತೋರಿಸು."

ಯುವಕ ಹ್ಯಾಂಡಲ್ಲಿನ ಪುಟ್ಟ ಪರದೆಯನ್ನು ಅವಳ ಕಡೆ ತಿರುಗಿಸಿ ಚಿತ್ರವನ್ನು ಹಿಗ್ಗಿಸಿದ. ಬೆಟ್ಟದ ಮೈ ಮೇಲೆ ನೇರಳೆ ಗೆರೆ ಹಾವಿನ ಹಾಗೆ ಹತ್ತುತ್ತದೆ. ಕೊರಕಲು ದಾಟಿದ ಮೇಲೆ ಎಡಬದಿಗೆ ಒಂದು ಸಣ್ಣ ಮುಳ್ಳು ಚಾಚಿದೆ, ಹೋಗಿ ಅದೇ ದಾರಿಯಲ್ಲಿ ವಾಪಸ್ ಬಂದ ಗೆರೆ.

ಅಕ್ಕನಿಗೆ ಆ ಮುಳ್ಳು ಗುರುತು ಸಿಕ್ಕಿತು. ಮೂರು ವರ್ಷದ ಹಿಂದೆ ಆ ಕೊರಕಲಿನಲ್ಲಿ ಸೈಕಲ್ ಕುಕ್ಕಿ ಅವಳ ಚೈನು ಕಳಚಿತ್ತು. ಗವಸು ತಂದಿರಲಿಲ್ಲ. ಬರಿಗೈಯಲ್ಲಿ ಚೈನು ಕೂರಿಸಿದ್ದಳು, ಎರಡೂ ಅಂಗೈ ಕರಿ ಜಿಡ್ಡು. ಆ ಕೈಯಲ್ಲಿ ಹ್ಯಾಂಡಲ್ ಹಿಡಿಯಲಾರದೆ, ಮೊಣಕೈಯಿಂದ ಸೈಕಲ್ ತಳ್ಳಿಕೊಂಡು, ಒರತೆಯ ಹೆಚ್ಚುವರಿ ನೀರು ಹೊರಬೀಳುವ ಕಡೆ ಹೋಗಿ ಕೈ ತೊಳೆದು ಬಂದಿದ್ದಳು. ಯಂತ್ರ ಹ್ಯಾಂಡಲ್ಲಿನ ಮೇಲೇ ಇತ್ತು. ಅದು ದಾರಿಯನ್ನೂ ಬರೆದುಕೊಂಡಿತು, ಅವಳ ಹೇಸಿಗೆಯನ್ನೂ ಬರೆದುಕೊಂಡಿತು. ಬಂದವರೆಲ್ಲ ಎರಡನ್ನೂ ಅಕ್ಷರಶಃ ಪಾಲಿಸುತ್ತಿದ್ದರು.

"ಏನಾಯ್ತು ಅಕ್ಕಾ?"

"ಏನಿಲ್ಲ. ನೀನು ಹೊರಡು. ಆಮೇಲೆ, ಇಲ್ಲಿ ಏನೂ ಮಾಡಬೇಡ. ಹೊಟ್ಟೆ ಒಡೆದು ಹೋದ್ರೂ ಕೆಳಗೆ ಹೋಗಿ ಮಾಡು."

ಅವನು ಹೋದ ಮೇಲೆ ಅವಳು ಗವಸು ಹಾಕಿಕೊಂಡಳು. ಮೂಗಿಗೆ ಬಟ್ಟೆ ಕಟ್ಟಿದಳು. ಬಚ್ಚಲಿನ ಕೂದಲನ್ನು ಕಡ್ಡಿಯಿಂದ ಎತ್ತುವವಳು ಅವತ್ತು ಸಂಜೆಯವರೆಗೆ ಬಗ್ಗಿ, ಕಲ್ಲಿನ ಕೆಳಗಿನದನ್ನೂ ಮುಳ್ಳಿನ ಮೇಲಿನದನ್ನೂ ಒಂದೊಂದಾಗಿ ಚೀಲಕ್ಕೆ ತುಂಬಿದಳು. ಛೀ ಎಂದು ಒಂದು ಸಲವೂ ಅನ್ನಲಿಲ್ಲ. ಯಾರಿಗೆ ಅನ್ನುವುದು?

ಚೀಲಗಳನ್ನು ಕಟ್ಟಿಕೊಂಡು ಆಚೆ ಕಣಿವೆಗೆ ಇಳಿದು, ತಂಗಿಯ ಅಂಗಳದ ಹೊರಗೇ ನಿಂತು ಕೂಗಿದಳು. ಒಳಗೆ ಹೋಗಲಿಲ್ಲ, ಕೂರಲಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದಳು. ಚೈನು, ಜಿಡ್ಡು, ಒರತೆ, ಗೆರೆ.

ತಂಗಿ ಬಾಗಿಲಲ್ಲೇ ನಿಂತು ಕೇಳಿದಳು. "ಕೈ ತೊಳೆಯೋಕಾ?" ಎಂದಳು ಕೊನೆಗೆ. "ಬರೀ ಕೈ ತೊಳೆಯೋಕೆ?"

"ಹೂಂ."

"ಪ್ಯಾಂಟಿಗೆ ಒರೆಸ್ಕೊಂಡಿದ್ರೆ ಆಗ್ತಿರ್ಲಿಲ್ವಾ?"

ಅಕ್ಕ ಚೀಲದ ಗಂಟನ್ನು ಇನ್ನೊಮ್ಮೆ ಬಿಗಿದಳು.

"ನಿನ್ನ ಶುಚಿಗೆ ನನ್ನ ಕೋಣೆ ಹೋಗುತ್ತಲ್ಲೇ" ಎಂದಳು ತಂಗಿ. ಬಾಗಿಲು ಹಾಕಿಕೊಳ್ಳಲಿಲ್ಲ, ಬಾ ಎಂದೂ ಅನ್ನಲಿಲ್ಲ. ಆ ಮದುವೆ ಮುರಿದ ಕತೆಯನ್ನು ನಗುತ್ತ ಹೇಳುತ್ತಿದ್ದವಳು ಇವಳೇನಾ ಅನ್ನಿಸುವಂತಿತ್ತು ಮುಖ.

ಮರುದಿನ ಅವಳೇ ಗಂಡನನ್ನು ಕರೆದುಕೊಂಡು ಮೇಲೆ ಬಂದಳು. ಮೂವರೂ ಸೇರಿ ಎಡದ ದಾರಿ ಒಡೆಯುವ ಕಡೆ ಎದೆಮಟ್ಟದ ಕಲ್ಲಿನ ಗೋಡೆ ಕಟ್ಟಿದರು. ತೊಟ್ಟಿಯ ನೀರೆಲ್ಲ ಖಾಲಿ ಮಾಡಿ, ಒಳಗೆ ಉಜ್ಜಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆದರು. ಮಾತು ಹೆಚ್ಚಿರಲಿಲ್ಲ. "ಆ ಕಲ್ಲು ಕೊಡು", "ಇದು ಅಲ್ಲಾಡ್ತಾ ಇದೆ", ಅಷ್ಟೇ.

ವಾರದ ಕೊನೆ ಕಳೆದ ಮೇಲೆ ಅಕ್ಕ ಹೋಗಿ ನೋಡಿದರೆ ಗೋಡೆಯ ಮೇಲಿನ ಸಾಲು ಬಿದ್ದಿತ್ತು. ಕಲ್ಲುಗಳ ಮೇಲೆ ಕೆಸರಿನ ಬೂಟಿನ ಅಚ್ಚು. ಸೈಕಲ್ಲನ್ನು ಗೋಡೆಯ ಮೇಲಿಂದ ಎತ್ತಿ ದಾಟಿಸಿ, ತೊಟ್ಟಿಯವರೆಗೆ ಹೋಗಿ, ಮತ್ತೆ ಎತ್ತಿ ದಾಟಿಸಿಕೊಂಡು ಬಂದಿದ್ದರು! ಬಂಡೆಯ ಹಿಂದೆ ಒಂದು ಹೊಸ ಒದ್ದೆ ಕಾಗದ.

ಅಕ್ಕ ಅದೇ ಬಟ್ಟೆಯಲ್ಲಿ ಪಟ್ಟಣದ ಬಸ್ಸು ಹಿಡಿದಳು. ಹಲ್ಲಿನ ಡಾಕ್ಟರ ಕೋಣೆಯಲ್ಲಿ ಒಬ್ಬ ರೋಗಿ ಬಾಯಿ ತೆರೆದುಕೊಂಡು ಮಲಗಿದ್ದ.

"ಡಾಕ್ಟ್ರೇ, ಆ ಗೆರೆ ಅಳಿಸಿ."

"ಹೊರಗೆ ಕೂತ್ಕೊಳ್ಳಮ್ಮಾ, ಇವರ ಹುಳುಕು..."

"ಅವರ ಹುಳುಕು ಓಡಿಹೋಗಲ್ಲ." ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಮಲಗಿದ್ದ ರೋಗಿ ಬಾಯಿ ಮುಚ್ಚಿಕೊಂಡ.

ಡಾಕ್ಟರು ತಲೆ ಅಲ್ಲಾಡಿಸಿದರು. "ನನ್ನ ಪುಟದಿಂದ ತೆಗೀಬಹುದು. ಆದ್ರೆ ಈಗಾಗ್ಲೇ ಇಳಿಸ್ಕೊಂಡಿರೋರ ಯಂತ್ರದಿಂದ ಹೇಗೆ ತೆಗೀಲಿ? ಆಡಿದ ಮಾತಿನ ಥರ ಅದು. ಬೇಕಾದ್ರೆ ಎಲ್ರಿಗೂ ಒಂದು ವಿನಂತಿ ಬರೀತೀನಿ. ದಯವಿಟ್ಟು ಶುಚಿತ್ವ ಕಾಪಾಡಿ ಅಂತ."

"ವಿನಂತಿ ಮೇಲೆ ಸಾಕ್ಸ್ ಒಣಗಾಕ್ತಾರೆ. ಆ ಹಸಿರು ಗುರುತು ಯಾರು ಕೊಡೋದು?"

"ಸಂಘದ ಪುಟದ್ದೇ. ಗೆರೆಗೂ ಅವರು ಹೋಗಿದ್ದಕ್ಕೂ ತಾಳೆಯಾದ್ರೆ ತಾನೇ ಬೀಳುತ್ತೆ."

"ಹಾಗಾದ್ರೆ ಹಳೆ ಗೆರೆಗೆ ಅದು ಬೀಳೋದು ನಿಲ್ಲಿಸಿ. ಆ ಮುಳ್ಳಿಗೆ ಹೋದೋರಿಗೆ ಅಪೂರ್ಣ ಅಂತ ಬರಲಿ."

ಡಾಕ್ಟರು ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟರು. "ಜನ ಬೈತಾರಮ್ಮಾ."

"ನನ್ನ ತಂಗಿ ಆಗ್ಲೇ ಬೈತಾ ಇದಾಳೆ. ನಿಮ್ಮ ಜನ ಸಾಲಲ್ಲಿ ನಿಲ್ಲಲಿ."

ಡಾಕ್ಟರು ಅಲ್ಲೇ ಕುಳಿತು ಹಾಗೆ ಮಾಡಿದರು. ಮಳೆ ಬಿಟ್ಟ ಮೇಲೆ ಹೊಸ ಗೆರೆ ಬರುತ್ತದೆ, ಅಲ್ಲಿಯವರೆಗೆ ಈ ದಾರಿಗೆ ಗುರುತಿಲ್ಲ ಎಂದು ಪುಟದಲ್ಲಿ ಹಾಕಿದರು. ಮುಂದಿನ ವಾರ ಗೋಡೆಯ ಒಂದು ಕಲ್ಲೂ ಅಲುಗಲಿಲ್ಲ. ಕುಡಿಯುವ ನೀರು ಎಂಬ ಬೋರ್ಡು ನಿಲ್ಲಿಸಲಾರದ್ದನ್ನು, ಎದೆಮಟ್ಟದ ಕಲ್ಲು ನಿಲ್ಲಿಸಲಾರದ್ದನ್ನು, ಪರದೆಯ ಮೇಲೆ ಬೀಳದೇ ಹೋದ ಹಸಿರು ಗುರುತು ನಿಲ್ಲಿಸಿತು. ಬಂಡೆಯ ಹಿಂದೆ ಕಂಡದ್ದಕ್ಕಿಂತ ಇದೇ ಹೆಚ್ಚು ಅಸಹ್ಯ ಅನ್ನಿಸಿತು ಅಕ್ಕನಿಗೆ.

ಮಳೆ ಜೋರಾಗಿ ಸುರಿದು ನಿಂತ ಮೇಲೆ ಪರೀಕ್ಷೆಯವರು ಬಂದು ತಂಗಿಯ ನಲ್ಲಿಯಿಂದ ನೀರು ಹಿಡಿದುಕೊಂಡು ಹೋದರು. ಫಲಿತಾಂಶಕ್ಕೆ ಕಾಯಬೇಕಿತ್ತು. ತಂಗಿಯಿಂದ ಫೋನೂ ಇಲ್ಲ. ಅಕ್ಕ ಅಂಗಡಿಯಲ್ಲಿ ಯಾರದೋ ಬಾಟಲಿಯ ಬೂಷ್ಟು ಕೆರೆಯುತ್ತ ಕುಳಿತಳು. ಅದರ ಮೇಲೂ ಮೊದಲಿನ ಸಿಟ್ಟು ಬರಲಿಲ್ಲ. ತೊಳೆದ ನೀರನ್ನು ಚರಂಡಿಗೆ ಸುರಿಯುವ ಮೊದಲು ಈ ನೀರು ಎಲ್ಲಿಗೆ ಇಳಿಯುತ್ತದೆ ಎಂದು ನಿಂತು ಯೋಚಿಸುವ ಹೊಸ ಅಭ್ಯಾಸವೊಂದು ಹತ್ತಿಕೊಂಡಿತ್ತು.

ಜಾಡು ಒಣಗಿದ ಮೊದಲ ದಿನವೇ ಯಂತ್ರವನ್ನು ಕಟ್ಟಿಕೊಂಡು ಹೊರಟಳು. ಡಾಕ್ಟರು ಬೇರೆಯವರನ್ನು ಕಳಿಸುತ್ತೇನೆಂದಿದ್ದರು, ಅವಳು ಒಪ್ಪಲಿಲ್ಲ. ಗವಸು ಚೀಲದಲ್ಲಿತ್ತು. ಕೊರಕಲಿನಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ಹೋಗೋಣ ಅಂದುಕೊಂಡವಳು, ಮುಂದೆ ಬರುವವರೆಲ್ಲ ತುಳಿದೇ ದಾಟುವವರಲ್ಲವೇ ಎಂದು ತುಳಿದೇ ಹೋದಳು. ಕುಕ್ಕಿತು. ಚೈನು ಕಳಚಿತು. ಇಳಿಜಾರಿನಲ್ಲಿ ಸೈಕಲ್ ಜಾರದಂತೆ ಮೊದಲು ಹಿಡಿಯಬೇಕಿತ್ತು, ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು ಚೈನೇ. ಚೀಲದಿಂದ ಗವಸು ತೆಗೆಯುವ ಹೊತ್ತಿಗೆ ಎರಡೂ ಕೈ ಕರ್ರಗಾಗಿತ್ತು. ಇನ್ನು ಗವಸೇಕೆಂದು ಬರಿಗೈಯಲ್ಲೇ ಚೈನು ಕೂರಿಸಿದಳು.

ಗೋಡೆಯ ಆಚೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಬೆರಳ ಸಂದಿಯಲ್ಲಿ ಮರಳು ಬೆರೆತ ಜಿಡ್ಡು ಕಚಕಚ ಎನ್ನುತ್ತಿತ್ತು. ಅವಳು ಕೈಗಳನ್ನು ಒಂದು ಸಲ ನೋಡಿಕೊಂಡಳು, ಮುಖ ಕಿವುಚಿದಳು, ಅದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಬಲಕ್ಕೆ ತಿರುಗಿ ಘಾಟಿ ಹತ್ತಿದಳು. ದಾರಿಯುದ್ದಕ್ಕೂ ಮೂಗು ತುರಿಸಿತು. ಮುಟ್ಟಿಕೊಳ್ಳಲಿಲ್ಲ. ಅಲ್ಲಲ್ಲಿ ಬಿದ್ದಿದ್ದ ಅಂಟಿನ ಪೊಟ್ಟಣಗಳನ್ನು ಮಾತ್ರ ಹೆಕ್ಕಿ ಚೀಲಕ್ಕೆ ತುರುಕಿದಳು. ಹೇಗಿದ್ದರೂ ಕೈ ಕೆಟ್ಟಿತ್ತು.

ತಂಗಿಯ ಅಂಗಳದಲ್ಲಿ ಸೈಕಲ್ ನಿಲ್ಲಿಸಿದಾಗ ಬೆಣ್ಣೆ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ನೀರು ಬೀಳುವ ಸದ್ದು. ತಂಗಿ ಏಪ್ರನ್ನಿಗೆ ಕೈ ಒರೆಸುತ್ತ ಹೊರಗೆ ಬಂದು ಅವಳ ಅಂಗೈ ನೋಡಿದಳು.

"ಛೀ!" ಎಂದಳು ತಂಗಿ.

ಅಕ್ಕ ಎರಡೂ ಕೈಯನ್ನು ಮುಂದೆ ಚಾಚಿಕೊಂಡೇ ನಿಂತಳು. "ಅದೇ ಕೊರಕಲು" ಎಂದಳು. "ಈ ಸಲ ಎಲ್ಲೂ ನಿಲ್ಲಲಿಲ್ಲ."

"ನೀರು ಪಾಸಾಯ್ತು. ಬೆಳಿಗ್ಗೆ ಫೋನ್ ಮಾಡಿದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ನಿನ್ನ ಮೇಲೆ ಸಿಟ್ಟಿತ್ತು. ಇನ್ನೂ ಸ್ವಲ್ಪ ಇದೆ. ಸಂಜೆ ಹೊತ್ತಿಗೆ ಹೋಗುತ್ತೆ." ತಂಗಿ ಒಳಗೆ ಹೋಗಿ ಒಂದು ಚೊಂಬು ನೀರನ್ನೂ, ಬೆರಳ ತುದಿಯಲ್ಲಿ ಒಂದು ಉಂಡೆ ಬೆಣ್ಣೆಯನ್ನೂ ತಂದಳು. ಉಂಡೆಯನ್ನು ಅಕ್ಕನ ಕಪ್ಪು ಅಂಗೈಗೆ ಅಂಟಿಸಿದಳು. "ಉಜ್ಜು. ಜಿಡ್ಡು ಜಿಡ್ಡಿಗೇ ಬಿಡೋದು. ಆಮೇಲೆ ಸೋಪು ಕೊಡ್ತೀನಿ."

"ಇದಕ್ಕೆ ಬೆಣ್ಣೆಯಾ? ಛೀ, ಹುಚ್ಚೀ..."

"ಉಜ್ಜೇ ಸುಮ್ಮನೆ."

ಅಕ್ಕ ಉಜ್ಜಿದಳು. ಬಿಳಿ ಬೆಣ್ಣೆ ಬೂದಿ ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಾಯಿತು. ನೋಡಲು ಅಸಹ್ಯವಾಗಿತ್ತು. ತಂಗಿ ಚೊಂಬು ಎತ್ತಿ ನೀರು ಹೊಯ್ಯಲು ಬಗ್ಗಿದಾಗ ಅಕ್ಕ ಕೈ ಹಿಂದಕ್ಕೆಳೆದುಕೊಂಡು, ಅಂಗಳದ ಇಳಿಜಾರು ಯಾವ ಕಡೆಗಿದೆ ಎಂದು ನೋಡಿದಳು. ಬೆಣ್ಣೆ ಕೋಣೆಯಿಂದ ದೂರಕ್ಕೆ, ಗೊಬ್ಬರದ ಗುಂಡಿಯ ಪಕ್ಕಕ್ಕೆ ನಡೆದು, ಅಲ್ಲಿ ಕುಕ್ಕರುಗಾಲಲ್ಲಿ ಕುಳಿತು ಮತ್ತೆ ಕೈ ಚಾಚಿದಳು.

"ಈಗ ಹಾಕು."

ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.